ಮೊತ್ತ ಬಿಡಿ, ತಾರೀಖು ನೋಡಿ: ಫುಟ್‌ಬಾಲ್ ಟ್ರಾನ್ಸ್‌ಫರ್ ಬಗ್ಗೆ ಬೆಳಗಾವಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಜೂನ್ ಬಂತೆಂದರೆ ಬೆಳಗಾವಿಯಲ್ಲಿ ಮಳೆ ಶುರು, ಅದರ ಜೊತೆಗೆ ಈ ಪ್ರಶ್ನೆಗಳೂ ಶುರು. ಲೇಲೆ ಮೈದಾನದ ಕಟ್ಟೆ ಮೇಲೆ ಕೇಳುತ್ತಾರೆ, ಕ್ಯಾಂಪಿನ ಚಹಾದಂಗಡಿಯಲ್ಲಿ ಕೇಳುತ್ತಾರೆ, ಒಂದು ಸಲ ಮದುವೆ ಊಟದ ಪಂಕ್ತಿಯಲ್ಲಿ ಕುಂದಾ ಬಡಿಸುವವರೂ ಕೇಳಿದರು. ಪ್ರತಿ ಸಲ ಅರ್ಧ ಉತ್ತರ ಕೊಟ್ಟು ಏಳುವ ಬದಲು ಒಂದು ಸಲ ಕೂತು ಬರೆದುಬಿಡೋಣ ಅನ್ನಿಸಿತು. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ.

## ಮೊದಲಿಂದ ಶುರು ಮಾಡುವವರಿಗೆ

ಟ್ರಾನ್ಸ್‌ಫರ್ ಅಂದ್ರ ಆಟಗಾರನ್ನ ಮಾರೋದೇನ್ರಿ?

ವರ್ಗಾವಣೆ ಅಂದ ಕೂಡಲೇ ನಮಗೆ ಮಾಸ್ತರರ ವರ್ಗಾವಣೆ ನೆನಪಾಗುತ್ತದೆ. ಆರ್ಡರ್ ಬಂದರೆ ಗಂಟುಮೂಟೆ ಕಟ್ಟಲೇಬೇಕು. ಫುಟ್‌ಬಾಲ್‌ನಲ್ಲಿ ಹಾಗಲ್ಲ. ಎರಡು ಕ್ಲಬ್‌ಗಳು ಕೈಕುಲುಕಿದರೂ ಆಟಗಾರ ಒಲ್ಲೆ ಅಂದರೆ ಮಾತು ಅಲ್ಲಿಗೇ ಮುಗಿಯಿತು.

ಕ್ಲಬ್ ಕೈಯಲ್ಲಿ ಇರುವುದು ಎರಡು ಕಾಗದ. ಒಂದು ಕಾಂಟ್ರ್ಯಾಕ್ಟ್: ಎಷ್ಟು ವರ್ಷ, ಎಷ್ಟು ಸಂಬಳ, ಯಾವ ತಾರೀಖಿಗೆ ಮುಗಿಯುತ್ತದೆ. ಇನ್ನೊಂದು ನೋಂದಣಿ, ಅಂದರೆ ಈ ಆಟಗಾರ ಸದ್ಯ ಯಾವ ಕ್ಲಬ್ ಪರ ಆಡಬಹುದು ಅನ್ನುವ ದಾಖಲೆ. ಇದನ್ನು ಹೊಲದ ಉತಾರ (ಪಹಣಿ) ಅಂದುಕೊಳ್ಳಿ. ಕಾಂಟ್ರ್ಯಾಕ್ಟ್ ಇನ್ನೂ ಎರಡು ವರ್ಷ ಇರುವಾಗ ಬೇರೆ ಕ್ಲಬ್ ಅವನನ್ನು ಕರೆದರೆ, ಆ ಉಳಿದ ದಿನಗಳನ್ನು ಬಿಟ್ಟುಕೊಡಲು ಹಳೇ ಕ್ಲಬ್ ಕೇಳುವ ಹಣವೇ ಟ್ರಾನ್ಸ್‌ಫರ್ ಫೀ. ಅದಕ್ಕೇ ನಾನು ಯಾವಾಗಲೂ ಹೇಳುವುದು, ಪೇಪರಿನಲ್ಲಿ ಮೊತ್ತ ಎಷ್ಟು ಅಂತ ಓದುವ ಮೊದಲು ಕಾಂಟ್ರ್ಯಾಕ್ಟ್ ಯಾವ ತಾರೀಖಿಗೆ ಮುಗಿಯುತ್ತದೆ ಅಂತ ನೋಡಿ. ಅರ್ಧ ಕತೆ ಅಲ್ಲೇ ಇರುತ್ತದೆ.

ಐಪಿಎಲ್ ಹಂಗ ಹರಾಜು ಯಾಕ ಇಲ್ಲ?

ಇತ್ತು. 2014ರಲ್ಲಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಶುರುವಾದಾಗ ಭಾರತದ ಆಟಗಾರರನ್ನು ಡ್ರಾಫ್ಟ್ ಮಾಡಿ, ಅಂದರೆ ಕ್ಲಬ್‌ಗಳು ಸರದಿ ಪ್ರಕಾರ ಆರಿಸಿಕೊಳ್ಳುವ ಹಾಗೆ ಮಾಡಿ, ಹಂಚಿದರು. 2015ರಲ್ಲಿ ಕೆಲವೇ ಆಟಗಾರರಿಗೆ ಹರಾಜು ನಡೆಯಿತು, ಸುನಿಲ್ ಛೆಟ್ರಿಯನ್ನು ಮುಂಬೈ ಸಿಟಿ 1.2 ಕೋಟಿಗೆ ತೆಗೆದುಕೊಂಡಿತು. 2017ರಲ್ಲೂ ಡ್ರಾಫ್ಟ್ ಆಯಿತು. ಆಮೇಲೆ ಜಗತ್ತಿನ ಪದ್ಧತಿಗೇ ಬಂದರು: ಕ್ಲಬ್ ಮತ್ತು ಆಟಗಾರ ನೇರ ಮಾತಾಡುತ್ತಾರೆ. ನನಗೇನೋ ಇದೇ ಸರಿ ಅನ್ನಿಸುತ್ತದೆ. ಹರಾಜಿನಲ್ಲಿ ಆಟಗಾರ ತಾನೆಲ್ಲಿ ಆಡಬೇಕು ಅಂತ ಹೇಳುವ ಹಾಗೇ ಇಲ್ಲ ಅಲ್ವಾ?

ಈ ವಿಂಡೋ ಮುಚ್ಚಿತು ಅಂತಾರಲ್ಲ, ಮುಚ್ಚಿದ ಮ್ಯಾಲೆ ಯಾರನ್ನೂ ತಗೊಳ್ಳಂಗಿಲ್ಲೇನು?

ವರ್ಷಕ್ಕೆ ಎರಡು ಸಲ ಮಾತ್ರ ನೋಂದಣಿ ಬದಲಿಸಬಹುದು. ಆ ಅವಧಿಯೇ ವಿಂಡೋ. ಸೀಸನ್ ಶುರುವಾಗುವ ಮುಂಚೆ ಒಂದು, ನಡುವೆ ಒಂದು. ಇಲ್ಲದಿದ್ದರೆ ಸೆಮಿಫೈನಲ್ ಹಿಂದಿನ ದಿನ ದುಡ್ಡಿದ್ದವರು ಎದುರಾಳಿಯ ಗೋಲ್‌ಕೀಪರನ್ನೇ ಎತ್ತಿಕೊಂಡು ಹೋಗುತ್ತಿದ್ದರು.

ಒಂದು ಕಿಂಡಿ ಇದೆ. ವಿಂಡೋ ಮುಚ್ಚುವ ಮೊದಲೇ ಕಾಂಟ್ರ್ಯಾಕ್ಟ್ ಮುಗಿದು ಖಾಲಿ ಕೂತಿರುವ ಆಟಗಾರನನ್ನು ಆಮೇಲೂ ಸೇರಿಸಿಕೊಳ್ಳಬಹುದು. ಇನ್ನೊಂದು ನಿಯಮ ಬಹಳ ಜನಕ್ಕೆ ಗೊತ್ತಿಲ್ಲ: ಒಬ್ಬ ಆಟಗಾರ ಒಂದು ಸೀಸನ್‌ನಲ್ಲಿ ಮೂರು ಕ್ಲಬ್‌ಗಳಲ್ಲಿ ನೋಂದಣಿ ಆಗಬಹುದು, ಆದರೆ ಸಾಮಾನ್ಯವಾಗಿ ಎರಡರ ಪರ ಮಾತ್ರ ಪಂದ್ಯ ಆಡಬಹುದು.

ಫ್ರೀ ಟ್ರಾನ್ಸ್‌ಫರ್ ಅಂದ್ರ ಪುಕ್ಕಟೆ ಬರ್ತಾನೇನ್ರಿ ಸರ್?

ಪುಕ್ಕಟೆ ಯಾರೂ ಬರಲ್ಲ. ಹಳೇ ಕ್ಲಬ್‌ಗೆ ಏನೂ ಕೊಡಬೇಕಿಲ್ಲ, ಅಷ್ಟೇ. ಉಳಿದ ಹಣದಲ್ಲಿ ಆಟಗಾರ ಜಾಸ್ತಿ ಸಂಬಳ ಕೇಳುತ್ತಾನೆ, ಸಹಿ ಹಾಕಲು ಬೇರೆ ಹಣ ಕೇಳುತ್ತಾನೆ, ಅವನ ಏಜೆಂಟ್ ಪಾಲು ಕೇಳುತ್ತಾನೆ.

ಈ ಸೌಲಭ್ಯ ಮೊದಲಿಂದ ಇದ್ದದ್ದಲ್ಲ. ಬೆಲ್ಜಿಯಂನ ಜೀನ್ ಮಾರ್ಕ್ ಬೊಸ್ಮನ್ ಎಂಬ ಸಾಧಾರಣ ಆಟಗಾರನ ಕಾಂಟ್ರ್ಯಾಕ್ಟ್ ಮುಗಿದಿತ್ತು. ಫ್ರಾನ್ಸಿನ ಡಂಕರ್ಕ್‌ಗೆ ಹೋಗಬೇಕಿತ್ತು. ಹಳೇ ಕ್ಲಬ್ ಲಿಯೇಜ್ ಬಿಡಲಿಲ್ಲ. ಕೋರ್ಟಿಗೆ ಹೋದ. 1995ರ ಡಿಸೆಂಬರ್ 15ರಂದು ಯುರೋಪಿನ ನ್ಯಾಯಾಲಯ ಅವನ ಪರ ತೀರ್ಪು ಕೊಟ್ಟಿತು. ತೀರ್ಪು ಬರುವ ಹೊತ್ತಿಗೆ ಅವನ ಆಟದ ವಯಸ್ಸು ಬಹುತೇಕ ಮುಗಿದಿತ್ತು, ಲಾಭವೆಲ್ಲ ನಂತರದವರಿಗೆ. 2024ರಲ್ಲಿ ಎಂಬಾಪೆ ಪ್ಯಾರಿಸ್ ಕ್ಲಬ್ (ಪಿಎಸ್‌ಜಿ) ಬಿಟ್ಟು ಒಂದು ಪೈಸೆ ಫೀ ಇಲ್ಲದೆ ರಿಯಲ್ ಮ್ಯಾಡ್ರಿಡ್‌ಗೆ ಹೋದದ್ದು ಇದೇ ದಾರಿಯಲ್ಲಿ.

ನಮ್ಮ ಐಎಸ್‌ಎಲ್‌ನಲ್ಲಿ ಜಾಸ್ತಿ ಜನ ಹೀಗೇ ಓಡಾಡುತ್ತಾರೆ. ನಮ್ಮಲ್ಲಿ ಕಾಂಟ್ರ್ಯಾಕ್ಟ್ ಮುಗಿಯುವುದು ಸಾಮಾನ್ಯವಾಗಿ ಮೇ 31ಕ್ಕೆ, ಯುರೋಪಿನಲ್ಲಿ ಜೂನ್ 30ಕ್ಕೆ. ಈ ಎರಡು ತಾರೀಖು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

ಲೋನ್ ಮ್ಯಾಲೆ ಹೋದ ಅಂದ್ರ ಸಂಬಳ ಯಾರು ಕೊಡ್ತಾರ?

ಲೋನ್ ಅಂದರೆ ಆಟಗಾರನನ್ನು ಸ್ವಲ್ಪ ಕಾಲ ಬೇರೆ ಕ್ಲಬ್ ಪರ ಆಡಲು ಕಳಿಸುವುದು, ಹೊಲ ಲಾವಣಿಗೆ (ಗೇಣಿಗೆ) ಹಾಕಿದ ಹಾಗೆ. ಉತಾರದಲ್ಲಿ ಹೆಸರು ಹಳೇ ಯಜಮಾನರದ್ದೇ, ಈ ವರ್ಷದ ಬೆಳೆ ಮಾತ್ರ ಲಾವಣಿ ಹಿಡಿದವರದ್ದು. ಸಂಬಳ ಪೂರ್ತಿ ಯಾರು, ಅರ್ಧ ಯಾರು ಅನ್ನುವುದು ಮಾತಿನ ಮೇಲೆ. ಆದರೆ ಹೊಲ ಬಾಯಿ ಬಿಡಲ್ಲ, ಆಟಗಾರ ಬಿಡುತ್ತಾನೆ. ಆಡಿಸದೆ ಬೆಂಚಿನ ಮೇಲೆ ಕೂರಿಸಿದರೆ ಜನವರಿಗೇ ವಾಪಸ್ ಕರೆಸಿಕೊಳ್ಳುವ ಷರತ್ತನ್ನೂ ಬರೆಸುತ್ತಾರೆ.

ಲೋನ್ ಒಂದು ವರ್ಷ ಮೀರಬಾರದು ಅನ್ನುವುದು ಫಿಫಾ ನಿಯಮ. ಬೇಕಿದ್ದರೆ ಹೊಸದಾಗಿ ಬರೆಯಬೇಕು. ಇದನ್ನು ನೆನಪಿಡಿ, ಕೆಳಗೆ ಒಂದು ದೊಡ್ಡ ಜಗಳಕ್ಕೆ ಬೇಕಾಗುತ್ತದೆ.

## ಬೆಂಗಳೂರು ಎಫ್‌ಸಿ ವಿಷಯ

ಗೋವಾ ಇಲ್ಲೇ ಮಗ್ಗಲದಾಗ ಐತಿ, ನೀವ್ಯಾಕ ಬೆಂಗಳೂರಿಗೆ ಜೈ ಅಂತೀರಿ ಕಾಕಾ?

ನಿಜ, ನಮಗೆ ಬೆಂಗಳೂರಿನ ಕಂಠೀರವ ಸ್ಟೇಡಿಯಂಗಿಂತ ಗೋವಾದ ಫತೋರ್ಡಾ ಸ್ಟೇಡಿಯಮ್ಮೇ ಹತ್ತಿರ. ಚೋರ್ಲಾ ಘಾಟ್ ಇಳಿದರೆ ಗೋವಾ, ಬೆಂಗಳೂರಿಗೆ ಇಡೀ ರಾತ್ರಿ ರೈಲು. ನಮ್ಮ ಮನೆಯಲ್ಲೇ ಒಬ್ಬ ಎಫ್‌ಸಿ ಗೋವಾ ಭಕ್ತ ಇದ್ದಾನೆ. 2018-19ರ ಫೈನಲ್‌ನಲ್ಲಿ ರಾಹುಲ್ ಭೇಕೆ ಹೆಚ್ಚುವರಿ ಸಮಯದಲ್ಲಿ ಗೋಲು ಹೊಡೆದು ಗೋವಾವನ್ನು ಸೋಲಿಸಿದ ದಿನದಿಂದ ಆ ಮಾತು ನಾವು ಊಟದ ಹೊತ್ತಿಗೆ ಎತ್ತುವುದಿಲ್ಲ.

2023ರಾಗ ಫೈನಲ್ ಆಡಿದ ಟೀಮ್ ಮರು ವರ್ಷ ಹತ್ತನೇ ಸ್ಥಾನಕ್ಕ ಬಿತ್ತು. ಏನಾತು?

ಇದು ನನಗೆ ಬಹಳ ಇಷ್ಟದ ಪ್ರಶ್ನೆ, ಸ್ವಲ್ಪ ಉದ್ದ ಹೇಳುತ್ತೇನೆ, ಚಹಾ ತರಿಸಿಕೊಳ್ಳಿ.

2022ರ ಬೇಸಿಗೆಯಲ್ಲಿ ಬೆಂಗಳೂರು ಎಫ್‌ಸಿ ಅಂಗಡಿ ಖಾಲಿ ಮಾಡುವವರ ಹಾಗೆ ಆಟಗಾರರನ್ನು ತಂತು. ಎಟಿಕೆ ಮೋಹನ್ ಬಗಾನ್‌ನಿಂದ ರಾಯ್ ಕೃಷ್ಣ, ಸಂದೇಶ್ ಜಿಂಗನ್, ಪ್ರಬೀರ್ ದಾಸ್. ಒಡಿಶಾದಿಂದ ಜಾವಿ ಹೆರ್ನಾಂಡೆಸ್. ಅತ್ತ ಆಶಿಕ್ ಕುರುಣಿಯನ್ ಮೋಹನ್ ಬಗಾನ್ ಕಡೆ ಹೋದ. ಆ ವರ್ಷ ಡ್ಯುರಾಂಡ್ ಕಪ್ ಬಂತು. ಐಎಸ್‌ಎಲ್ ಫೈನಲ್‌ಗೂ ಹೋದರು, 2023ರ ಮಾರ್ಚ್ 18ಕ್ಕೆ ಫತೋರ್ಡಾದಲ್ಲಿ. 2-2 ಆಗಿ ಪೆನಾಲ್ಟಿಯಲ್ಲಿ ಅದೇ ಮೋಹನ್ ಬಗಾನ್ ಎದುರು ಸೋತರು.

ಈಗ ತಾರೀಖಿನ ಆಟ ನೋಡಿ. ಹೀಗೆ ತಂದವರಲ್ಲಿ ಹಲವರು ಒಂದೇ ಸೀಸನ್ ಆಡಿ ಹೊರಟರು. ಜಿಂಗನ್ ಗೋವಾಕ್ಕೆ, ರಾಯ್ ಕೃಷ್ಣ ಒಡಿಶಾಕ್ಕೆ, ಪ್ರಬೀರ್ ದಾಸ್ ಕೇರಳ ಬ್ಲಾಸ್ಟರ್ಸ್‌ಗೆ. ಜೊತೆಗೆ ಎಷ್ಟೋ ವರ್ಷದಿಂದ ಇದ್ದ ಉದಾಂತ ಸಿಂಗ್ ಕೂಡ ಗೋವಾ ಸೇರಿದ. ಒಂದೇ ಬೇಸಿಗೆಯಲ್ಲಿ ಹಿಂದಿನ ಗೋಡೆ, ಮುಂದಿನ ಮೊನೆ, ಪಕ್ಕದ ಓಟ ಎಲ್ಲವೂ ಹೋಯಿತು. ಹೊಸಬರು ಬಂದರು, ರಯಾನ್ ವಿಲಿಯಮ್ಸ್, ಕರ್ಟಿಸ್ ಮೇನ್, ಜೆಸೆಲ್ ಕಾರ್ನೇರೋ ಎಲ್ಲ. ಆದರೆ ಹನ್ನೊಂದು ಜನ ಒಬ್ಬರ ಕಾಲು ಇನ್ನೊಬ್ಬರಿಗೆ ಗೊತ್ತಾಗಲು ಟೈಮ್ ಬೇಕು. ಡಿಸೆಂಬರ್‌ನಲ್ಲಿ ಕೋಚ್ ಸೈಮನ್ ಗ್ರೇಸನ್ ಹೋಗಿ ಜೆರಾರ್ಡ್ ಝರಗೋಜಾ ಬಂದರು. 12 ತಂಡಗಳಲ್ಲಿ ಹತ್ತನೇ ಸ್ಥಾನ.

ಜನ ಕೋಚನ್ನು ಬೈದರು. ನನ್ನ ಲೆಕ್ಕದಲ್ಲಿ ತಪ್ಪು ಒಂದು ವರ್ಷ ಮುಂಚಿನದು. ಹೆಸರಾಂತ ಆಟಗಾರರನ್ನು ಒಟ್ಟಿಗೆ ತಂದರೆ ಒಟ್ಟಿಗೇ ಹೋಗುವ ದಿನವೂ ಬರುತ್ತದೆ. ಒಬ್ಬನದ್ದು ಈ ವರ್ಷ, ಇನ್ನೊಬ್ಬನದ್ದು ಮುಂದಿನ ವರ್ಷ ಮುಗಿಯುವ ಹಾಗೆ ಕಾಂಟ್ರ್ಯಾಕ್ಟ್ ಹಂಚಿರಬೇಕು. ಒಂದೇ ದಿನ ಎಲ್ಲಾ ಎಕರೆ ಕಬ್ಬು ನಾಟಿ ಮಾಡಿದರೆ ಕಟಾವೂ ಒಂದೇ ದಿನ ಬರುತ್ತದೆ, ಗ್ಯಾಂಗಿನವರು ಸಿಗುವುದಿಲ್ಲ. ನಮ್ಮ ಕಡೆ ರೈತರಿಗೆ ಇದನ್ನು ಹೇಳಿಕೊಡಬೇಕಿಲ್ಲ.

2024ರಲ್ಲಿ ಬೇರೆ ಥರ ಮಾಡಿದರು. ಮುಂಬೈ ಸಿಟಿಯಿಂದ ಪೆರೇರಾ ಡಿಯಾಸ್, ನೊಗುವೇರಾ ಬಂದರು, ಭೇಕೆ ವಾಪಸ್ ಬಂದ. ಈ ಲೀಗನ್ನು ಅರೆದು ಕುಡಿದವರೇ. ಹೊರಗಿನಿಂದ ಸ್ಪೇನ್ ಮೂಲದ ಎಡ್ಗರ್ ಮೆಂಡೆಸ್ ಬಂದ. 2025ರ ಏಪ್ರಿಲ್ 12ಕ್ಕೆ ಮತ್ತೆ ಫೈನಲ್, ಕೋಲ್ಕತ್ತಾದಲ್ಲಿ, ಮತ್ತೆ ಮೋಹನ್ ಬಗಾನ್ ಎದುರು, ಮತ್ತೆ ಸೋಲು, 2-1. ಅದೊಂದು ಬೇರೆ ಸಂಕಟ, ಇಲ್ಲಿ ಬೇಡ.

ಛೆಟ್ರಿ ಇಷ್ಟು ವರ್ಷ ಒಂದೇ ಕ್ಲಬ್‌ನಾಗ ಹೆಂಗ ಉಳದ?

2013ರಲ್ಲಿ ಕ್ಲಬ್ ಹುಟ್ಟಿದ ವರ್ಷವೇ ಬಂದವನು. ನಡುವೆ 2015 ಮತ್ತು 2016ರಲ್ಲಿ ಐಎಸ್‌ಎಲ್‌ಗೆ ಮಾತ್ರ ಮುಂಬೈ ಸಿಟಿ ಪರ ಆಡಿದ, ಆಗ ಬೆಂಗಳೂರು ಐ-ಲೀಗ್ ಎಂಬ ಬೇರೆ ಲೀಗ್‌ನಲ್ಲಿತ್ತು. ಉಳಿದದ್ದೆಲ್ಲ ಕಾಂಟ್ರ್ಯಾಕ್ಟ್ ಮುಗಿಯುವ ಮೊದಲೇ ಹೊಸದು ಬರೆದ ಕತೆ. 40 ವಯಸ್ಸಿಗೆ 2024-25ರ ಐಎಸ್‌ಎಲ್‌ನಲ್ಲಿ 14 ಗೋಲು. ವಯಸ್ಸಾದವರಿಗೆ ಒಂದೊಂದೇ ವರ್ಷ ಬರೆಯಬೇಕು ಅನ್ನುವ ಜಾಣರು ಇದನ್ನು ನೋಡಿ ಸುಮ್ನಾದರು.

ರಯಾನ್ ವಿಲಿಯಮ್ಸ್ ಭಾರತದವನಾದ, ಚಲೋ ಆತು. ಆದ್ರ ಕ್ಲಬ್‌ಗೇನು ಲಾಭ?

ಬಹಳ. 2021-22ರಿಂದ ಐಎಸ್‌ಎಲ್‌ನಲ್ಲಿ ಒಂದು ತಂಡ ಮೈದಾನಕ್ಕೆ ನಾಲ್ಕು ವಿದೇಶಿಯರನ್ನು ಮಾತ್ರ ಇಳಿಸಬಹುದು. ಪರ್ತ್‌ನಲ್ಲಿ ಹುಟ್ಟಿದ ವಿಲಿಯಮ್ಸ್ ಅಲ್ಲಿಯವರೆಗೆ ಆ ನಾಲ್ವರಲ್ಲಿ ಒಬ್ಬ. ಭಾರತದಲ್ಲಿ ಎರಡು ಪೌರತ್ವ ನಡೆಯಲ್ಲ, ಆಸ್ಟ್ರೇಲಿಯಾದ್ದು ಬಿಟ್ಟು 2025ರಲ್ಲಿ ನಮ್ಮ ಪಾಸ್‌ಪೋರ್ಟ್ ಪಡೆದ. ಈಗ ಅವನು ಭಾರತೀಯರ ಲೆಕ್ಕ, ಇನ್ನೊಬ್ಬ ವಿದೇಶಿಗೆ ಜಾಗ ಖಾಲಿ. ಒಂದು ರೂಪಾಯಿ ಟ್ರಾನ್ಸ್‌ಫರ್ ಫೀ ಇಲ್ಲದೆ ತಂಡಕ್ಕೆ ಒಬ್ಬ ಜಾಸ್ತಿ ಸಿಕ್ಕ ಹಾಗಾಯಿತು. ಹಾಗಂತ ಇದನ್ನು ಬರೀ ಲೆಕ್ಕ ಮಾಡಬೇಡಿ. ತಾಯಿಯ ಕಡೆಯವರ ಊರು ಮುಂಬೈ, ಅವನಿಗೆ ಅವನದೇ ಕಾರಣ ಇದೆ.

ಕಾಂಟ್ರ್ಯಾಕ್ಟ್ ಇದ್ರೂ ಸಂಬಳ ನಿಲ್ಲಿಸಿದ್ರಲ್ಲ, ಹಂಗ ಮಾಡಬಹುದಾ?

2025ರ ಆಗಸ್ಟ್‌ನದು ಕೇಳುತ್ತಿದ್ದೀರಿ. ಹಿನ್ನೆಲೆ ಹೀಗಿದೆ. ಭಾರತದ ಫುಟ್‌ಬಾಲ್ ಫೆಡರೇಷನ್ 2010ರಲ್ಲಿ ಐಎಂಜಿ-ರಿಲಯನ್ಸ್ ಜೊತೆ 15 ವರ್ಷದ ಒಪ್ಪಂದ ಮಾಡಿಕೊಂಡಿತ್ತು, ಆಮೇಲೆ ಅದು ಆಗ ಲೀಗ್ ನಡೆಸುತ್ತಿದ್ದ ಎಫ್‌ಎಸ್‌ಡಿಎಲ್ ಕಂಪನಿಯ ಕೈಗೆ ಬಂತು. ಕಂಪನಿ ವರ್ಷಕ್ಕೆ 50 ಕೋಟಿ ಕೊಡುತ್ತಿತ್ತು. ಅದು 2025ರ ಡಿಸೆಂಬರ್ 8ಕ್ಕೆ ಮುಗಿಯುವುದಿತ್ತು. ಹೊಸದು ಆಗಲಿಲ್ಲ. ಸೀಸನ್ ಅರ್ಧದಲ್ಲಿ ಒಪ್ಪಂದ ಸತ್ತರೆ ಏನು ಗತಿ ಅಂತ ಜುಲೈನಲ್ಲಿ ಕಂಪನಿ ಲೀಗನ್ನೇ ತಡೆಹಿಡಿಯಿತು. ಇಲ್ಲೂ ನೋಡಿ, ಒಂದು ತಾರೀಖು. ಲೀಗ್ ಇಲ್ಲದಿದ್ದರೆ ಟಿಕೆಟ್ ಇಲ್ಲ, ಪ್ರಾಯೋಜಕರಿಲ್ಲ. ಆಗಸ್ಟ್ ಮೊದಲ ವಾರ ಬೆಂಗಳೂರು ಎಫ್‌ಸಿ ಮೊದಲ ತಂಡದ ಆಟಗಾರರು ಮತ್ತು ಸಿಬ್ಬಂದಿಯ ಸಂಬಳ ಅನಿರ್ದಿಷ್ಟ ಕಾಲ ನಿಲ್ಲಿಸುವುದಾಗಿ ಹೇಳಿತು. ಮಕ್ಕಳ ತಂಡಗಳನ್ನು ಮುಟ್ಟಲಿಲ್ಲ.

ಮಾಡಬಹುದಾ ಅಂದರೆ, ಕಾಂಟ್ರ್ಯಾಕ್ಟ್ ಸುಮ್ನೆ ಆವಿಯಾಗಲ್ಲ. ಫಿಫಾ ನಿಯಮದಲ್ಲಿ ಆಟಗಾರನಿಗೆ ಒಂದು ಅಸ್ತ್ರ ಇದೆ: ಎರಡು ತಿಂಗಳ ಸಂಬಳ ಬಾಕಿ ಬಿದ್ದರೆ ಕ್ಲಬ್‌ಗೆ ಬರಹದಲ್ಲಿ ನೋಟಿಸ್ ಕೊಟ್ಟು ಕನಿಷ್ಠ 15 ದಿನ ಟೈಮ್ ಕೊಡಬೇಕು. ಆಗಲೂ ಕೊಡದಿದ್ದರೆ ಕಾಂಟ್ರ್ಯಾಕ್ಟ್ ಮುರಿದು ಹೋಗಬಹುದು, ಪರಿಹಾರವನ್ನೂ ಕೇಳಬಹುದು. ಆದರೆ ಆಡಲು ಲೀಗೇ ಇಲ್ಲದಾಗ ಮುರಿದು ಎಲ್ಲಿಗೆ ಹೋಗುವುದು? ಕಬ್ಬಿನ ಬಿಲ್ಲು ಬಾಕಿ ಅಂತ ಫ್ಯಾಕ್ಟರಿ ಬದಲಿಸಬಹುದು, ಎಲ್ಲಾ ಫ್ಯಾಕ್ಟರಿ ಒಂದೇ ಸಲ ಬಾಗಿಲು ಹಾಕಿದರೆ? ಲೀಗ್ ಕೊನೆಗೆ ಶುರುವಾದದ್ದು 2026ರ ಫೆಬ್ರುವರಿಯಲ್ಲಿ. ಆಟಗಾರನ ದುಡಿಯುವ ವಯಸ್ಸು ಹತ್ತು ಹನ್ನೆರಡು ವರ್ಷ, ಅದರಲ್ಲಿ ಅರ್ಧ ವರ್ಷ ಹೀಗೆ ಹೋಯಿತು.

## ಲೆಕ್ಕ, ತಕರಾರು ಮತ್ತು ಒಳಗಿನ ಮಾತು

ಚೆಲ್ಸಿಯವ್ರು ಎಂಟೂವರೆ ವರ್ಷಕ್ಕ ಕಾಂಟ್ರ್ಯಾಕ್ಟ್ ಬರದ್ರಂತ, ತಲಿ ಕೆಟ್ಟೈತೇನು?

ತಲೆ ಚೆನ್ನಾಗೇ ಇದೆ, ಲೆಕ್ಕಪತ್ರದ ತಲೆ. 2023ರ ಜನವರಿಯಲ್ಲಿ ಇಂಗ್ಲೆಂಡಿನ ಈ ಕ್ಲಬ್ ಎಂಜೊ ಫರ್ನಾಂಡಿಸ್‌ನನ್ನು ತರಲು 10.68 ಕೋಟಿ ಪೌಂಡ್ ಫೀ ಕೊಟ್ಟಿತು. ಲೆಕ್ಕದ ಪುಸ್ತಕದಲ್ಲಿ ಆ ಹಣ ಒಂದೇ ವರ್ಷದ ಖರ್ಚಾಗಿ ಬೀಳುವುದಿಲ್ಲ, ಕಾಂಟ್ರ್ಯಾಕ್ಟಿನ ವರ್ಷಗಳಿಗೆ ಹಂಚಿ ಬರೆಯುತ್ತಾರೆ. ಎಂಟೂವರೆಯಿಂದ ಭಾಗಿಸಿದರೆ ವರ್ಷಕ್ಕೆ ಸುಮಾರು 1.26 ಕೋಟಿ. ಐದರಿಂದ ಭಾಗಿಸಿದರೆ 2.14 ಕೋಟಿ. ಮೂರು ವರ್ಷಕ್ಕೆ ಒಟ್ಟು ಇಷ್ಟೇ ನಷ್ಟ ತೋರಿಸಬಹುದು ಅನ್ನುವ ನಿಯಮ ಆಗ ಇತ್ತು, ಹಾಗಿರುವಾಗ ಈ ವ್ಯತ್ಯಾಸದಲ್ಲಿ ಇನ್ನೊಬ್ಬ ಆಟಗಾರ ಬರುತ್ತಾನೆ.

ಫಿಫಾ ಪ್ರಕಾರ ಕಾಂಟ್ರ್ಯಾಕ್ಟ್ ಐದು ವರ್ಷ ಮೀರಬಾರದು, ದೇಶದ ಕಾನೂನು ಒಪ್ಪಿದರೆ ಮಾತ್ರ ಜಾಸ್ತಿ. ಇಂಗ್ಲೆಂಡ್ ಒಪ್ಪುತ್ತದೆ. ಆಮೇಲೆ ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ ಎಚ್ಚೆತ್ತು 2023ರಲ್ಲಿ, ಎಷ್ಟೇ ವರ್ಷ ಬರೆದರೂ ಲೆಕ್ಕ ಹಂಚುವುದು ಐದು ವರ್ಷಕ್ಕೆ ಮಾತ್ರ ಅಂದಿತು. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಕೂಡ ಅದೇ ಮಾಡಿತು.

ಹಂಗಾದ್ರ ಸ್ವಂತ ಅಕಾಡೆಮಿ ಹುಡುಗರನ್ನ ಯಾಕ ಮಾರ್ತಾರ? ಮನಿ ಮಕ್ಕಳಲ್ಲೇನು?

ಅದಕ್ಕೇ ಮಾರುತ್ತಾರೆ. 10 ಕೋಟಿಗೆ ಐದು ವರ್ಷಕ್ಕೆ ತಂದ ಆಟಗಾರನ ಬೆಲೆ ಮೂರು ವರ್ಷವಾದ ಮೇಲೆ ಪುಸ್ತಕದಲ್ಲಿ 4 ಕೋಟಿ ಉಳಿದಿರುತ್ತದೆ. 6 ಕೋಟಿಗೆ ಮಾರಿದರೆ ಲಾಭ ಎರಡೇ. ಮನೆ ಹುಡುಗನ ಪುಸ್ತಕದ ಬೆಲೆ ಸೊನ್ನೆ, 6 ಕೋಟಿಗೆ ಮಾರಿದರೆ ಆರೂ ಲಾಭ. ಲೆಕ್ಕಿಗರು ಖುಷಿ, ಸ್ಟ್ಯಾಂಡಿನಲ್ಲಿ ಕೂತವರು ಅಳುತ್ತಾರೆ.

ರಿಲೀಸ್ ಕ್ಲಾಝ್ ಅಂದ್ರ?

ಇಷ್ಟು ಕೊಟ್ಟರೆ ನಾವು ತಡೆಯಲ್ಲ ಅಂತ ಮೊದಲೇ ಬರೆದಿಟ್ಟ ಮೊತ್ತ. ನೇಮಾರ್‌ಗೆ ಬಾರ್ಸಿಲೋನಾ 22.2 ಕೋಟಿ ಯೂರೋ ಬರೆದಿತ್ತು, ಯಾರು ಕೊಡ್ತಾರೆ ಅಂತ. 2017ರಲ್ಲಿ ಪ್ಯಾರಿಸ್ ಕೊಟ್ಟಿತು.

ಕಡೇ ವರ್ಷದಾಗ ಇರೋ ಆಟಗಾರ ಬ್ಯಾರೇ ಕ್ಲಬ್ ಜೋಡಿ ಮಾತಾಡಿದ್ರ ತಪ್ಪೇನು?

ಕೊನೆಯ ಆರು ತಿಂಗಳಲ್ಲಿ ಮಾತಾಡಬಹುದು, ಸಹಿಯನ್ನೂ ಹಾಕಬಹುದು. ಅದಕ್ಕಿಂತ ಮುಂಚೆ ಮಾತಾಡಬೇಕೆಂದರೆ ಹೊಸ ಕ್ಲಬ್ ಮೊದಲು ಹಳೇ ಕ್ಲಬ್‌ಗೆ ತಿಳಿಸಬೇಕು. 2024-25ರಲ್ಲಿ ಲಿವರ್‌ಪೂಲ್‌ನ ಮೂವರು ದೊಡ್ಡವರ ಕಾಂಟ್ರ್ಯಾಕ್ಟ್ ಒಂದೇ ಜೂನ್‌ಗೆ ಮುಗಿಯುವುದಿತ್ತು. ಇಡೀ ಸೀಸನ್ ಅದೇ ಚರ್ಚೆ. ಏಪ್ರಿಲ್‌ನಲ್ಲಿ ಸಲಾ ಮತ್ತು ವ್ಯಾನ್ ಡೈಕ್ ಎರಡೆರಡು ವರ್ಷ ಮುಂದುವರಿಸಿದರು. ಊರಿನ ಹುಡುಗ ಅಲೆಕ್ಸಾಂಡರ್ ಆರ್ನಾಲ್ಡ್ ಒಲ್ಲೆ ಅಂದು ರಿಯಲ್ ಮ್ಯಾಡ್ರಿಡ್‌ಗೆ ಹೊರಟ. ಮಜಾ ಏನೆಂದರೆ, ಜೂನ್ 30 ಆದರೆ ಫ್ರೀ, ಆದರೂ ರಿಯಲ್ ಫೀ ಕೊಟ್ಟಿತು. ಜೂನ್‌ನಲ್ಲೇ ಕ್ಲಬ್ ವಿಶ್ವಕಪ್ ಇತ್ತು, ಕೆಲವೇ ವಾರ ಮೊದಲು ಬೇಕಿತ್ತು.

ಅನ್ವರ್ ಅಲಿ ಗಲಾಟೆ ತಿಳೀಲಿಲ್ಲ, ಸರಳ ಮಾಡಿ ಹೇಳ್ರಿ.

ಸರಳವಾಗಿರಲಿಲ್ಲ, ಅದೇ ಸಮಸ್ಯೆ. ಅನ್ವರ್ ಭಾರತ ತಂಡದ ಡಿಫೆಂಡರ್, ಡೆಲ್ಲಿ ಎಫ್‌ಸಿ ಎಂಬ ಕ್ಲಬ್ ಅವನ ಯಜಮಾನ. 2023ರಲ್ಲಿ ಮೋಹನ್ ಬಗಾನ್‌ಗೆ ನಾಲ್ಕು ವರ್ಷದ ಲೋನ್. ಲೋನ್ ಒಂದು ವರ್ಷಕ್ಕೆ ಅಂತ ಮೇಲೆ ಹೇಳಿದೆನಲ್ಲ, ನೆನಪಿದೆಯಾ? ಒಂದು ವರ್ಷವಾದ ಮೇಲೆ ಅವನು ಅದನ್ನು ಮುರಿದ. 2024ರಲ್ಲಿ ಐದು ವರ್ಷಕ್ಕೆ ಈಸ್ಟ್ ಬೆಂಗಾಲ್ ಸೇರಿದ. ಹೋಗಿ ಹೋಗಿ ಮೋಹನ್ ಬಗಾನ್‌ನ ಕಡುವೈರಿ ಈಸ್ಟ್ ಬೆಂಗಾಲ್! ಕೋಲ್ಕತ್ತಾದಲ್ಲಿ ಅದು ಎಂಥಾ ಬೆಂಕಿ ಅಂತ ಬೇರೆ ಹೇಳಬೇಕಿಲ್ಲ.

ಸೆಪ್ಟೆಂಬರ್‌ನಲ್ಲಿ ಫೆಡರೇಷನ್‌ನ ಸಮಿತಿ ಅವನಿಗೆ ನಾಲ್ಕು ತಿಂಗಳ ನಿಷೇಧ, ಅವನು, ಡೆಲ್ಲಿ ಎಫ್‌ಸಿ, ಈಸ್ಟ್ ಬೆಂಗಾಲ್ ಮೂವರೂ ಸೇರಿ ಮೋಹನ್ ಬಗಾನ್‌ಗೆ 12.9 ಕೋಟಿ ಪರಿಹಾರ, ಆ ಎರಡೂ ಕ್ಲಬ್‌ಗಳಿಗೆ ಎರಡು ವಿಂಡೋ ಹೊಸಬರನ್ನು ತರುವ ಹಾಗಿಲ್ಲ ಅಂತ ಹೇಳಿತು. ಅವರು ದೆಹಲಿ ಹೈಕೋರ್ಟ್‌ಗೆ ಹೋದರು. ಆದೇಶ ರದ್ದಾಯಿತು, ಆ ಸೀಸನ್ ಅವನು ಈಸ್ಟ್ ಬೆಂಗಾಲ್ ಪರವೇ ಆಡಿದ. ಯಾರು ಸರಿ ಅಂತ ನನ್ನನ್ನು ಕೇಳಬೇಡಿ. ನಾಲ್ಕು ವರ್ಷದ ಲೋನ್ ಅಂತ ಬರೆಯುವಾಗ ಎದುರು ಕೂತ ವಕೀಲರು ಏನು ಮಾಡುತ್ತಿದ್ದರು ಅನ್ನುವುದು ನನ್ನ ಪ್ರಶ್ನೆ.

ನಮ್ಮ ಹುಡುಗ ಚಲೋ ಆಡ್ತಾನ, 13 ವರ್ಷ. ಇದರಾಗ ನಮಗೇನು ಸಂಬಂಧ?

ನೇರ ಸಂಬಂಧ ಇದೆ. ಆಟಗಾರ ಕಾಂಟ್ರ್ಯಾಕ್ಟ್ ಇರುವಾಗ ಒಂದು ದೇಶದಿಂದ ಇನ್ನೊಂದು ದೇಶದ ಕ್ಲಬ್‌ಗೆ ಹಣಕ್ಕೆ ಹೋದರೆ, ಆ ಹಣದ 5% ಅವನನ್ನು 12ರಿಂದ 23 ವಯಸ್ಸಿನವರೆಗೆ ಬೆಳೆಸಿದ ಕ್ಲಬ್‌ಗಳಿಗೆ ಹಂಚಬೇಕು ಅನ್ನುತ್ತದೆ ಫಿಫಾ. 12ರಿಂದ 15ರವರೆಗೆ ವರ್ಷಕ್ಕೆ 0.25%, ಆಮೇಲೆ ವರ್ಷಕ್ಕೆ 0.5%. ನಮ್ಮೂರ ಕ್ಲಬ್‌ನಲ್ಲಿ 12ರಿಂದ 15ರವರೆಗಿನ ನಾಲ್ಕು ವರ್ಷ ಆಡಿದ ಹುಡುಗ ಮುಂದೆಂದೋ 20 ಕೋಟಿಗೆ ಹೊರದೇಶಕ್ಕೆ ಹೋದರೆ ಇಲ್ಲಿಗೆ 20 ಲಕ್ಷ ಬರಬೇಕು. ಕನಸೇ, ಆದರೆ ಲೆಕ್ಕ ನಿಜ. ಅದು ಬರಬೇಕಾದರೆ ಆ ನಾಲ್ಕು ವರ್ಷ ಹುಡುಗ ಫೆಡರೇಷನ್‌ನ ಸಿಆರ್‌ಎಸ್ ಎಂಬ ಆನ್‌ಲೈನ್ ನೋಂದಣಿಯಲ್ಲಿ ನಿಮ್ಮ ಕ್ಲಬ್ ಹೆಸರಲ್ಲಿ ಇರಬೇಕು. ಬರೀ ಟೂರ್ನಮೆಂಟಿನ ಗ್ರೂಪ್ ಫೋಟೋ ತೋರಿಸಿದರೆ ಯಾರೂ ಕೊಡಲ್ಲ.

ಇನ್ನು ಸಹಿ. 18 ತುಂಬದವರಿಗೆ ಮೂರು ವರ್ಷಕ್ಕಿಂತ ಜಾಸ್ತಿ ಕಾಂಟ್ರ್ಯಾಕ್ಟ್ ಬರೆಯುವ ಹಾಗಿಲ್ಲ. ನನ್ನ ಅಕ್ಕನ ಮಗ 17ಕ್ಕೆ ಬೇರೆ ಊರಿನ ಒಂದು ಕ್ಲಬ್‌ಗೆ ಹೋಗಿ ಕೊಟ್ಟ ಕಡೆಯೆಲ್ಲ ಸಹಿ ಹಾಕಿ ಬಂದ. ಏನು ಬರೆದಿತ್ತು ಅಂದರೆ, ಗೊತ್ತಿಲ್ಲ ಮಾಮಾ ಅಂದ. ಜೆರಾಕ್ಸ್ ಕೂಡ ತಂದಿರಲಿಲ್ಲ. ಆಡಿಸಲೂ ಇಲ್ಲ, ಹೋಗುತ್ತೇನೆ ಅಂದರೆ ಎನ್‌ಒಸಿ ಕೊಡಲೂ ಇಲ್ಲ. ಒಂದು ಇಡೀ ವರ್ಷ ಟಿಳಕವಾಡಿಯಲ್ಲಿ ಗೋಡೆಗೆ ಚೆಂಡು ಹೊಡೆಯುತ್ತಾ ಕಳೆದ.

ಒಬ್ಬಾವ ಏಜೆಂಟ್ ಅಂತ ಬಂದಾನ, ಟ್ರಯಲ್‌ಗೆ ರೊಕ್ಕ ಕೊಡ್ರಿ ಅಂತಾನ. ಕೊಡೋಣೇನ್ರಿ?

ಬೇಡ. ಏಜೆಂಟರಿಗೆ ಫಿಫಾ ಲೈಸೆನ್ಸ್ ಇರುತ್ತದೆ, 2023ರಿಂದ ಪರೀಕ್ಷೆ ಪಾಸಾಗಬೇಕು. ಹುಡುಗ ಮೊದಲ ವೃತ್ತಿಪರ ಕಾಂಟ್ರ್ಯಾಕ್ಟ್ ಮಾಡಬಹುದಾದ ವಯಸ್ಸಿಗೆ ಆರು ತಿಂಗಳು ಮುಂಚಿನವರೆಗೆ ಅವನ ಹತ್ತಿರ ಬರುವ ಹಾಗೇ ಇಲ್ಲ. ಬರಬೇಕಾದರೂ ತಂದೆ ತಾಯಿಯ ಲಿಖಿತ ಒಪ್ಪಿಗೆ ಬೇಕು. 18ರ ಒಳಗಿನವರನ್ನು ವಿದೇಶದ ಕ್ಲಬ್‌ಗೆ ಸೇರಿಸುತ್ತೇನೆ ಅಂದರೆ ಇನ್ನೂ ಹುಷಾರು, ಕೆಲವು ವಿನಾಯಿತಿ ಬಿಟ್ಟರೆ ಫಿಫಾ ಅದನ್ನು ಒಪ್ಪುವುದೇ ಇಲ್ಲ. ಲೈಸೆನ್ಸ್ ನಂಬರ್ ಕೊಡಪ್ಪ ಅಂತ ಕೇಳಿ ನೋಡಿ. ಮರುದಿನ ಅವನ ಫೋನ್ ಹತ್ತುತ್ತದಾ ಅಂತ ನನಗೂ ತಿಳಿಸಿ.